ಮನೆಯ ಕಡತಗಳನ್ನು ಎಲ್ಲಿ ಇಡುವುದು: ಹಾರ್ಡ್ ಡಿಸ್ಕ್, ನ್ಯಾಸ್, ಕ್ಲೌಡ್‌ಗಳ ನಡುವೆ ಆಯ್ಕೆ

ಹುಬ್ಬಳ್ಳಿ–ಧಾರವಾಡದ ಅಥವಾ ಗದಗ, ಹಾವೇರಿಯ ಒಂದು ಸಾಧಾರಣ ಮನೆಯಲ್ಲಿ ಉಳಿಸಿಕೊಳ್ಳಬೇಕಾದ ಡಿಜಿಟಲ್ ಸಾಮಗ್ರಿ ಎಷ್ಟಿದೆ ಎಂಬುದನ್ನು ಮನೆಯವರು ಸಾಮಾನ್ಯವಾಗಿ ಕೂತು ಲೆಕ್ಕ ಹಾಕಿರುವುದಿಲ್ಲ. ಮೂರು ನಾಲ್ಕು ಮೊಬೈಲುಗಳಲ್ಲಿ ಹಂಚಿಹೋದ ಫೋಟೊಗಳು, ಮದುವೆಯ ನಂತರ ಸ್ಟುಡಿಯೊದವರು ಪೆನ್‌ಡ್ರೈವ್‌ನಲ್ಲಿ ಕೊಟ್ಟ ವಿಡಿಯೊ, ಹೊಲದ ಉತಾರ ಮತ್ತು ಖರೀದಿ ಪತ್ರಗಳ ಸ್ಕ್ಯಾನ್ ಪ್ರತಿಗಳು, ಮಕ್ಕಳ ಅಂಕಪಟ್ಟಿ, ಹಿರಿಯರ ವೈದ್ಯಕೀಯ ವರದಿ, ಮನೆಯಲ್ಲಿ ಸಂಶೋಧನೆ ಮಾಡಿದವರಿದ್ದರೆ ಅವರ ಪ್ರಬಂಧದ ಕರಡು ಮತ್ತು ಕ್ಷೇತ್ರಕಾರ್ಯದ ಧ್ವನಿಮುದ್ರಣ, ಸಂಗೀತದ ಮನೆಯಾದರೆ ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಬೈಠಕ್‌ಗಳು, ಇವೆಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ಇವನ್ನು ಇಡುವುದಕ್ಕೆ ಇಂದು ಪೋರ್ಟಬಲ್ ಹಾರ್ಡ್ ಡಿಸ್ಕ್, ತಿರುಗುವ ತಟ್ಟೆಗಳಿಲ್ಲದ ಎಸ್‌ಎಸ್‌ಡಿ, ಮನೆಯ ನೆಟ್‌ವರ್ಕಿಗೆ ಜೋಡಿಸುವ ನ್ಯಾಸ್ ಪೆಟ್ಟಿಗೆ, ಹಳೆಯ ಕಂಪ್ಯೂಟರಿನಿಂದ ಮಾಡಿಕೊಂಡ ಸರ್ವರ್, ಅಂತರಜಾಲದ ಮೂಲಕ ಕಂಪನಿಗಳು ಕೊಡುವ ತಿಂಗಳ ಬಾಡಿಗೆಯ ಜಾಗವಾದ ಕ್ಲೌಡ್ ಎಂದು ಹಲವು ದಾರಿಗಳಿವೆ.

ಅಂಗಡಿಗೆ ಹೋದಾಗ ಮಾತು ಸಾಧನದಿಂದಲೇ ಆರಂಭವಾಗುತ್ತದೆ: ಎಷ್ಟು ಟಿಬಿ (ಒಂದು ಟಿಬಿ ಎಂದರೆ ಸಾವಿರ ಜಿಬಿ), ಯಾವ ಕಂಪನಿ, ಎಷ್ಟು ವೇಗ. ನನ್ನ ಅಭಿಪ್ರಾಯದಲ್ಲಿ ಈ ಕ್ರಮವೇ ತಿರುಗುಮುರುಗು. ಒಂದು ಕಡತದ ಎಷ್ಟು ಪ್ರತಿಗಳಿರಬೇಕು ಮತ್ತು ಅವು ಯಾವ ಯಾವ ಸೂರಿನ ಕೆಳಗೆ ಇರಬೇಕು ಎಂಬುದು ಮೊದಲು ನಿರ್ಧಾರವಾಗಬೇಕು. ಆ ನಿರ್ಧಾರವಾದ ಮೇಲೆ ಸಾಧನದ ಆಯ್ಕೆ ಬಹುಪಾಲು ತಾನಾಗಿಯೇ ಆಗುತ್ತದೆ. ಒಂದೇ ಮನೆಯಲ್ಲಿರುವ ದುಬಾರಿ ಪೆಟ್ಟಿಗೆಗಿಂತ ಎರಡು ಊರುಗಳಲ್ಲಿರುವ ಎರಡು ಸಾಧಾರಣ ಡಿಸ್ಕುಗಳು ಹೆಚ್ಚು ಸುರಕ್ಷಿತವೆಂಬುದು ಮುಂದಿನ ಹೋಲಿಕೆಯ ಉದ್ದಕ್ಕೂ ನಾನು ಹಿಡಿದಿರುವ ನಿಲುವು.

ಮೊದಲು ಅಳತೆ

ಇರುವ ಕಡತಗಳನ್ನು ಎರಡು ಗುಂಪು ಮಾಡಿಕೊಳ್ಳುವುದು ಒಳ್ಳೆಯದು. ಕಳೆದರೂ ಮತ್ತೆ ಪಡೆಯಬಹುದಾದವು ಒಂದು ಗುಂಪು. ಭೂಮಿ ಯೋಜನೆಯಲ್ಲಿ ಗಣಕೀಕರಣವಾದ ಉತಾರವನ್ನು ಮತ್ತೆ ತೆಗೆಸಬಹುದು. ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಇಡಲು ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಡಿಜಿಲಾಕರ್‌ನಲ್ಲಿ ಸಂಬಂಧಪಟ್ಟ ಇಲಾಖೆಯೇ ನೀಡಿದ ದಾಖಲೆಗಳು ಮೂಲ ಕಾಗದದಷ್ಟೇ ಮಾನ್ಯ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ ನಿಯಮಗಳು ಹೇಳುತ್ತವೆ. ಆದರೆ ಅಲ್ಲಿಗೆ ನಾವೇ ಸ್ಕ್ಯಾನ್ ಮಾಡಿ ಏರಿಸಿದ ಕಾಗದಕ್ಕೆ ಆ ಮಾನ್ಯತೆ ಇಲ್ಲ ಎಂಬುದನ್ನು ನೆನಪಿಡಬೇಕು. ಇನ್ನೊಂದು ಗುಂಪು ಹೋದರೆ ಹೋದದ್ದೇ: ಅಜ್ಜನ ಧ್ವನಿ, ಮಗುವಿನ ಮೊದಲ ಹೆಜ್ಜೆಯ ವಿಡಿಯೊ, ಹಿಂದಿನವರ ಕೈಬರಹದ ಪತ್ರಗಳ ಚಿತ್ರ. ಖರ್ಚು ಮತ್ತು ಕಾಳಜಿ ಎರಡೂ ಈ ಎರಡನೆಯ ಗುಂಪಿಗೆ ಮೊದಲು ಸಲ್ಲಬೇಕು.

ಗಾತ್ರವನ್ನೂ ಅಂದಾಜು ಮಾಡದೆ ಕೊಳ್ಳಬಾರದು. ಮೊಬೈಲಿನ ಒಂದು ಫೋಟೊ ಸಾಮಾನ್ಯವಾಗಿ 3ರಿಂದ 5 ಎಂಬಿ ಇರುತ್ತದೆ. ಹಾಗಾಗಿ 20,000 ಫೋಟೊಗಳಿದ್ದರೂ 100 ಜಿಬಿಯ ಒಳಗೇ ಮುಗಿಯುತ್ತದೆ. ಜಾಗ ನುಂಗುವುದು ವಿಡಿಯೊ. 4ಕೆ ಗುಣಮಟ್ಟದ ಒಂದು ನಿಮಿಷದ ವಿಡಿಯೊಗೆ, ಮೊಬೈಲಿನ ಸೆಟ್ಟಿಂಗ್ ಹೇಗಿದೆ ಎಂಬುದರ ಮೇಲೆ, ಸುಮಾರು 170ರಿಂದ 400 ಎಂಬಿ ಬೇಕಾಗುತ್ತದೆ. ಧ್ವನಿಗೆ ಅಷ್ಟು ಬೇಡ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರು ಬದುಕಿದ್ದ ಈ ಸೀಮೆಯಲ್ಲಿ ಕ್ಯಾಸೆಟ್ಟುಗಳನ್ನು ಜೋಪಾನ ಮಾಡಿಟ್ಟುಕೊಂಡ ರಸಿಕರಿಗೆ ಈ ಲೆಕ್ಕ ಉಪಯೋಗಕ್ಕೆ ಬರಬಹುದು: ಒಂದು ಗಂಟೆಯ ಕ್ಯಾಸೆಟ್ಟನ್ನು ಸಿಡಿ ಗುಣಮಟ್ಟದಲ್ಲಿ ಯಾವ ಸಂಕೋಚನವೂ ಇಲ್ಲದೆ ಇಳಿಸಿದರೆ ಸುಮಾರು 600 ಎಂಬಿ ಆಗುತ್ತದೆ. ನೂರು ಕ್ಯಾಸೆಟ್ಟುಗಳು 60 ಜಿಬಿ. ಗುಣಮಟ್ಟ ಕೆಡಿಸದೆ ಗಾತ್ರ ತಗ್ಗಿಸುವ ಫ್ಲ್ಯಾಕ್ ರೂಪದಲ್ಲಿಟ್ಟರೆ ಅದು ಬಹುಮಟ್ಟಿಗೆ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಜಾಗದ ಅಂಜಿಕೆಯಿಂದ ಸಂಗೀತವನ್ನು ಎಂಪಿ3 ಮಾಡಿ ಮೂಲವನ್ನು ಅಳಿಸುವ ಕಾರಣ ಇಂದು ಉಳಿದಿಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಟೇಪು ಎರಡನೆಯ ಬಾರಿ ಇಳಿಸುವವರೆಗೆ ಕಾಯುವುದಿಲ್ಲ.

ಈ ಅಂದಾಜಿನಂತೆ ಲೆಕ್ಕ ಹಾಕಿದರೆ ಹೆಚ್ಚಿನ ಕುಟುಂಬಗಳ ಒಟ್ಟು ಸಂಗ್ರಹ 1 ಟಿಬಿ ಅಥವಾ 2 ಟಿಬಿಯೊಳಗೆ ಬರುತ್ತದೆ. ಅದರ ಎರಡರಷ್ಟು ಜಾಗವಿರುವ ಸಾಧನವನ್ನು ನೋಡಿದರೆ ಕೆಲವು ವರ್ಷಗಳಿಗೆ ಸಾಕು.

ಪೋರ್ಟಬಲ್ ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿ

ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗಳಿವೆ, ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಚಲಿಸುವ ಓದುತಲೆ ಇದೆ. ಹೀಗಾಗಿ ನಡೆಯುತ್ತಿರುವಾಗ ಡಿಸ್ಕು ಮೇಜಿನಿಂದ ಬಿದ್ದರೆ ಉಳಿಯುವ ಭರವಸೆ ಕಡಿಮೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳೇ ಇಲ್ಲ. ಬಿದ್ದರೂ ತಡೆದುಕೊಳ್ಳುತ್ತದೆ, ವೇಗವೂ ಹಲವು ಪಟ್ಟು ಹೆಚ್ಚು. ಇಷ್ಟು ಕೇಳಿದವರು ಎಸ್‌ಎಸ್‌ಡಿಯೇ ಎಲ್ಲಕ್ಕೂ ಉತ್ತಮವೆಂದು ತೀರ್ಮಾನಿಸಿಬಿಡುತ್ತಾರೆ. ಆದರೆ ವರ್ಷಗಟ್ಟಲೆ ಕಪಾಟಿನಲ್ಲಿಡುವ ಪ್ರತಿಗೆ ಅದು ತಕ್ಕುದಲ್ಲ.

ಕಾರಣ ಅದರ ಒಳರಚನೆಯಲ್ಲಿದೆ. ಎಸ್‌ಎಸ್‌ಡಿ ಮಾಹಿತಿಯನ್ನು ವಿದ್ಯುದಂಶದ ರೂಪದಲ್ಲಿ ಸಣ್ಣ ಕೋಶಗಳಲ್ಲಿ ಹಿಡಿದಿಡುತ್ತದೆ, ಮತ್ತು ಆ ವಿದ್ಯುದಂಶ ಕಾಲಕ್ರಮದಲ್ಲಿ ಸೋರುತ್ತದೆ. ಜೆಡೆಕ್ ಎಂಬ ಮಾನಕ ಸಂಸ್ಥೆಯ ನಿಯಮದಂತೆ, ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಯೊಂದು ತನ್ನ ಬರವಣಿಗೆಯ ಮಿತಿಯನ್ನೆಲ್ಲ ಮುಗಿಸಿದ ಮೇಲೂ, ವಿದ್ಯುತ್ ಸಂಪರ್ಕವಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಳ್ಳಬೇಕು. ಹೊಸ ಎಸ್‌ಎಸ್‌ಡಿ ಇದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ ಎಂಬುದು ನಿಜ. ಆದರೆ ಉಷ್ಣತೆ ಏರಿದಷ್ಟೂ ಈ ಅವಧಿ ಕುಗ್ಗುತ್ತದೆ, ಮತ್ತು ಏಪ್ರಿಲ್–ಮೇ ತಿಂಗಳಲ್ಲಿ ಗದಗ, ರೋಣ, ಮುಂಡರಗಿ ಕಡೆಯ ಮನೆಯ ಕಪಾಟು 30 ಡಿಗ್ರಿಯಲ್ಲಿ ಇರುವುದಿಲ್ಲ. ದಿನನಿತ್ಯ ಕಂಪ್ಯೂಟರಿಗೆ ಜೋಡಿಸಿ ಕೆಲಸ ಮಾಡುವ ಪ್ರತಿಗೆ, ಚೀಲದಲ್ಲಿ ಹಾಕಿಕೊಂಡು ತಿರುಗುವವರಿಗೆ, ವಿಡಿಯೊ ಸಂಕಲನ ಮಾಡುವವರಿಗೆ ಎಸ್‌ಎಸ್‌ಡಿ. ತಿಜೋರಿಯಲ್ಲಿಡುವ ಪ್ರತಿಗೆ ಹಾರ್ಡ್ ಡಿಸ್ಕ್. ಒಂದು ಟಿಬಿಗೆ ಬೀಳುವ ಬೆಲೆಯಲ್ಲಿಯೂ ಹಾರ್ಡ್ ಡಿಸ್ಕೇ ಅಗ್ಗ.

ಹಾರ್ಡ್ ಡಿಸ್ಕಿನಲ್ಲಿ ಎರಡು ಬಗೆಗಳಿವೆ. ಯುಎಸ್‌ಬಿ ಕೇಬಲ್ಲಿನಿಂದಲೇ ವಿದ್ಯುತ್ ಪಡೆಯುವ ಎರಡೂವರೆ ಅಂಗುಲದ ಚಿಕ್ಕದು ಒಂದು. ಬೇರೆ ಅಡಾಪ್ಟರ್ ಬೇಡುವ ಮೂರೂವರೆ ಅಂಗುಲದ ದೊಡ್ಡದು ಇನ್ನೊಂದು. ಮನೆಬಳಕೆಗೆ ಚಿಕ್ಕದೇ ಸಾಕು. ಕೆಲವು ಪೋರ್ಟಬಲ್ ಡಿಸ್ಕುಗಳ ವಿವರಪಟ್ಟಿಯಲ್ಲಿ ಕೆಲಸದ ಉಷ್ಣತೆಯ ಮೇಲ್ಮಿತಿ 35 ಡಿಗ್ರಿ ಎಂದಿರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನೂರಾರು ಜಿಬಿ ನಕಲು ಮಾಡುವ ಕೆಲಸವನ್ನು ನಡುಮಧ್ಯಾಹ್ನಕ್ಕೆ ಇಟ್ಟುಕೊಳ್ಳದೆ ಬೆಳಗಿನ ಹೊತ್ತು ಮುಗಿಸುವುದು ಲೇಸು. ಕೆಲವು ಕಂಪನಿಗಳ ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಫಲಕವೇ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುತ್ತದೆ. ಆ ಫಲಕ ಕೆಟ್ಟರೆ ಒಳಗಿನ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೂ ಏನೂ ಓದಲಾಗುವುದಿಲ್ಲ.

ಡಿಸ್ಕು ಎಷ್ಟು ವರ್ಷ ಬಾಳುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಲಕ್ಷಾಂತರ ಡಿಸ್ಕುಗಳನ್ನು ನಡೆಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆ ತನ್ನ ಅಂಕಿಅಂಶಗಳನ್ನು ಬಹಿರಂಗವಾಗಿ ಪ್ರಕಟಿಸುತ್ತದೆ. 2022ರಲ್ಲಿ ಅದರ ಡಿಸ್ಕುಗಳ ವಾರ್ಷಿಕ ವೈಫಲ್ಯದ ಪ್ರಮಾಣ ಶೇ. 1.37, 2023ರಲ್ಲಿ ಶೇ. 1.70 ಇತ್ತು. ಅದು ತಂಪಾಗಿಟ್ಟ, ವಿದ್ಯುತ್ ಏರಿಳಿತವಿಲ್ಲದ ಕೊಠಡಿಗಳ ಲೆಕ್ಕ. ನಮ್ಮ ಮನೆಗಳಲ್ಲಿ ಅಷ್ಟು ಸೌಖ್ಯ ಅದಕ್ಕೆ ಸಿಗುವುದಿಲ್ಲ. ಇನ್ನೂ ಮುಖ್ಯವಾದದ್ದು 2007ರಲ್ಲಿ ಗೂಗಲ್‌ನ ಇಂಜಿನಿಯರುಗಳು ಪ್ರಕಟಿಸಿದ ಅಧ್ಯಯನದಲ್ಲಿದೆ: ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ಕೊಡದೆ ಕೆಟ್ಟಿದ್ದವು. ಆದ್ದರಿಂದ ಆರೋಗ್ಯ ತೋರಿಸುವ ತಂತ್ರಾಂಶದಲ್ಲಿ ಹಸಿರು ಬಣ್ಣ ಕಂಡಿತೆಂದು ಒಂದೇ ಪ್ರತಿಯನ್ನು ನಂಬಿ ಕೂರಲಾಗದು. ವಾರಂಟಿಯೂ ಅಷ್ಟೇ. ಅದರಲ್ಲಿ ಬದಲಿ ಡಿಸ್ಕು ಬರುತ್ತದೆ, ಒಳಗಿದ್ದ ಫೋಟೊ ಬರುವುದಿಲ್ಲ.

ಆನ್‌ಲೈನ್‌ನಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಸಿಗುವ 16 ಟಿಬಿ ಎಸ್‌ಎಸ್‌ಡಿ, 2 ಟಿಬಿ ಪೆನ್‌ಡ್ರೈವ್‌ಗಳ ಬಗ್ಗೆ ಇಲ್ಲಿಯೇ ಎಚ್ಚರಿಸಬೇಕು. ಇವುಗಳಲ್ಲಿ ಚಿಕ್ಕ ಮೆಮೊರಿಯನ್ನೇ ದೊಡ್ಡದೆಂದು ತೋರಿಸುವಂತೆ ತಿದ್ದಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಹಾಳಾಗುತ್ತದೆ, ಆದರೆ ಕಡತದ ಹೆಸರುಗಳು ಮಾತ್ರ ಸರಿಯಾಗಿಯೇ ಕಾಣುತ್ತಿರುತ್ತವೆ. ಹೊಸ ಸಾಧನ ತಂದ ಕೂಡಲೇ, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ಜಾಗವನ್ನು ಬರೆದು ಓದಿ ಪರೀಕ್ಷಿಸಿದರೆ ಈ ಮೋಸ ಹೊರಬೀಳುತ್ತದೆ. ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಮಾತ್ರ ಬಳಸಬೇಕು. ಸ್ಟುಡಿಯೊದವರು ಕೊಟ್ಟ ಪೆನ್‌ಡ್ರೈವ್ ಡ್ರಾಯರಿನಲ್ಲಿ ಮಲಗಿದ್ದರೆ ಮದುವೆಯ ವಿಡಿಯೊ ಸುರಕ್ಷಿತವಾಗಿದೆ ಎಂದರ್ಥವಲ್ಲ. ಡಿವಿಡಿಗಳಲ್ಲಿ ಇರುವುದನ್ನು, ಅವನ್ನು ಓದುವ ಡ್ರೈವ್ ಇನ್ನೂ ಸಿಗುತ್ತಿರುವಾಗಲೇ ಡಿಸ್ಕಿಗೆ ಇಳಿಸಿಕೊಳ್ಳಬೇಕು.

ನ್ಯಾಸ್: ಯಾರಿಗೆ ಬೇಕು, ಯಾರಿಗೆ ಬೇಡ

ನ್ಯಾಸ್ ಎಂದರೆ ರೌಟರಿಗೆ ಜೋಡಿಸಿ ಹಗಲೂ ರಾತ್ರಿ ಚಾಲೂ ಇಡುವ ಒಂದು ಚಿಕ್ಕ ಕಂಪ್ಯೂಟರು. ಅದರೊಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕುಗಳಿರುತ್ತವೆ. ಮನೆಯವರ ಎಲ್ಲ ಮೊಬೈಲುಗಳ ಫೋಟೊಗಳು ವೈಫೈ ಮೂಲಕ ಅಲ್ಲಿಗೆ ತಾವಾಗಿಯೇ ಬಂದು ಸೇರುತ್ತವೆ, ಟಿವಿಯಲ್ಲಿ ಅಲ್ಲಿಂದಲೇ ವಿಡಿಯೊ ನೋಡಬಹುದು, ಒಬ್ಬೊಬ್ಬರಿಗೂ ಬೇರೆ ಬೇರೆ ಫೋಲ್ಡರು ಕೊಡಬಹುದು. ಸಿನಾಲಜಿ ಮತ್ತು ಕ್ಯುನ್ಯಾಪ್ ಈ ಕ್ಷೇತ್ರದಲ್ಲಿ ಹೆಚ್ಚು ಕೇಳಿಬರುವ ಹೆಸರುಗಳು. ಕೂಡು ಕುಟುಂಬಕ್ಕೆ, ಮನೆಯಲ್ಲೇ ಫೋಟೊ–ವಿಡಿಯೊ ಕೆಲಸ ಮಾಡುವವರಿಗೆ, ಮೂರಕ್ಕಿಂತ ಹೆಚ್ಚು ಮಂದಿ ಒಂದೇ ಸಂಗ್ರಹವನ್ನು ದಿನವೂ ಬಳಸುವ ಮನೆಗೆ ಇದು ಕೊಡುವ ಅನುಕೂಲವನ್ನು ಬೇರೆ ಯಾವುದೂ ಕೊಡಲಾರದು.

ಆದರೆ ನ್ಯಾಸ್ ಬಗ್ಗೆ ಹರಡಿರುವ ಒಂದು ನಂಬಿಕೆ ಅಪಾಯಕಾರಿ. ಎರಡು ಡಿಸ್ಕುಗಳಲ್ಲಿ ಒಂದೇ ಮಾಹಿತಿ ಬರೆಯುವ ವ್ಯವಸ್ಥೆಗೆ ರೇಡ್ 1 ಎಂದು ಹೆಸರು. ರೇಡ್ ಎಂಬ ಹೆಸರನ್ನು 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ ತಮ್ಮ ಪ್ರಬಂಧದಲ್ಲಿ ಪ್ರಚುರಪಡಿಸಿದರು. ಒಂದು ಡಿಸ್ಕು ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ರೇಡ್ ನಿಜವಾಗಿ ಮಾಡುವ ಕೆಲಸ, ಮತ್ತು ಅದನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಮೊಮ್ಮಗ ಒಂದು ಫೋಲ್ಡರನ್ನು ಅಳಿಸಿದರೆ ಅದು ಎರಡೂ ಡಿಸ್ಕುಗಳಿಂದ ಅದೇ ಕ್ಷಣ ಅಳಿಯುತ್ತದೆ. ಸಿಡಿಲು ಹೊಡೆದರೆ ಎರಡೂ ಒಟ್ಟಿಗೆ ಹೋಗುತ್ತವೆ, ಕಳ್ಳ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುತ್ತಾನೆ. ರೇಡ್ ಇರುವ ನ್ಯಾಸ್ ಅನ್ನು ಒಂದೇ ಪ್ರತಿ ಎಂದು ಎಣಿಸಬೇಕು, ಎರಡೆಂದಲ್ಲ.

ಭದ್ರತೆಯ ವಿಷಯವೂ ಹಗುರವಲ್ಲ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಎಂಬ ನೆಟ್‌ವರ್ಕ್ ಡಿಸ್ಕುಗಳನ್ನು ಅಂತರಜಾಲದ ಮೂಲಕವೇ ಯಾರೋ ಅಳಿಸಿಹಾಕಿದರು. ಆ ಸಾಧನಗಳಿಗೆ 2015ರ ನಂತರ ತಂತ್ರಾಂಶದ ಪರಿಷ್ಕರಣೆ ಬಂದಿರಲಿಲ್ಲ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಕ್ಯುನ್ಯಾಪ್ ಪೆಟ್ಟಿಗೆಗಳಿಗೆ ನುಗ್ಗಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಎರಡೂ ಸಂದರ್ಭಗಳಲ್ಲಿ ಪೆಟ್ಟುತಿಂದವು ಅಂತರಜಾಲಕ್ಕೆ ತೆರೆದಿಟ್ಟಿದ್ದ ಸಾಧನಗಳು. ಆದ್ದರಿಂದ ನ್ಯಾಸ್ ಕೊಂಡರೆ ರೌಟರಿನಲ್ಲಿ ಅದಕ್ಕೆ ಹೊರಗಿನಿಂದ ನೇರ ದಾರಿ ತೆರೆಯಬಾರದು. ಹೊರಗಿನಿಂದ ನೋಡಲೇಬೇಕಾದರೆ ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗದ ವ್ಯವಸ್ಥೆಯನ್ನು ಬಳಸಬೇಕು. ಪರಿಷ್ಕರಣೆಗಳು ಬಂದಾಗ ಹಾಕಿಕೊಳ್ಳುವ, ಎಚ್ಚರಿಕೆಯ ಸದ್ದು ಬಂದಾಗ ತಿಳಿದುಕೊಳ್ಳುವ ಒಬ್ಬರಾದರೂ ಮನೆಯಲ್ಲಿರಬೇಕು. ಮಗ ಬೆಂಗಳೂರಿನಿಂದ ಬಂದಾಗ ನ್ಯಾಸ್ ಹಾಕಿಕೊಟ್ಟು ಹೋಗಿ, ಧಾರವಾಡದಲ್ಲಿರುವ ಅಪ್ಪ–ಅವ್ವನಿಗೆ ಅದರ ಪಾಸ್‌ವರ್ಡ್ ಸಹ ಗೊತ್ತಿಲ್ಲದಿದ್ದರೆ, ಅಂಥ ಮನೆಗೆ ನ್ಯಾಸ್ ಬೇಡವೆಂದೇ ಹೇಳುತ್ತೇನೆ.

ನಮ್ಮ ಭಾಗದಲ್ಲಿ ನ್ಯಾಸ್‌ಗೆ ಇನ್ನೊಂದು ಪರೀಕ್ಷೆ ವಿದ್ಯುತ್ತಿನದು. ಹೆಸ್ಕಾಂ ವ್ಯಾಪ್ತಿಯ ನಮ್ಮ ಊರುಗಳಲ್ಲಿ, ಅದರಲ್ಲೂ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ, ಕರೆಂಟು ಹೋಗಿ ಬರುವುದು ಹೊಸದಲ್ಲ. ಬರೆಯುತ್ತಿರುವಾಗ ವಿದ್ಯುತ್ ಹಠಾತ್ತನೆ ನಿಂತರೆ ಕಡತವ್ಯವಸ್ಥೆಯೇ ಕೆಡಬಹುದು. ಮನೆಯಲ್ಲಿ ಇನ್ವರ್ಟರ್ ಇದ್ದರೆ, ಅದರಲ್ಲಿರುವ ಯುಪಿಎಸ್ ಮೋಡ್‌ನ ಸ್ವಿಚ್ಚನ್ನು ಒತ್ತಿಟ್ಟರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಸಮಯ ಕಡಿಮೆಯಾಗಿ ನ್ಯಾಸ್ ಸಾಮಾನ್ಯವಾಗಿ ನಿಲ್ಲದೆ ನಡೆಯುತ್ತದೆ. ಆದರೆ ಬ್ಯಾಟರಿ ಮುಗಿಯುತ್ತಿದೆ ಎಂದು ಸಾಮಾನ್ಯ ಇನ್ವರ್ಟರ್ ನ್ಯಾಸ್‌ಗೆ ತಿಳಿಸಲಾರದು. ಯುಎಸ್‌ಬಿ ಕೇಬಲ್ ಜೋಡಿಸಬಹುದಾದ ಚಿಕ್ಕ ಯುಪಿಎಸ್ ಆ ಸಂದೇಶವನ್ನು ಕಳಿಸುತ್ತದೆ, ನ್ಯಾಸ್ ತಾನಾಗಿಯೇ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ. ನ್ಯಾಸ್‌ನ ಖರ್ಚು ಲೆಕ್ಕ ಹಾಕುವಾಗ ಖಾಲಿ ಪೆಟ್ಟಿಗೆ, ಎರಡು ಡಿಸ್ಕು, ಈ ಯುಪಿಎಸ್, ಜೊತೆಗೆ ನ್ಯಾಸ್‌ನ ಪ್ರತಿ ಇಡುವುದಕ್ಕೆ ಇನ್ನೊಂದು ಹೊರಗಿನ ಡಿಸ್ಕು, ಇಷ್ಟನ್ನೂ ಸೇರಿಸಬೇಕು. ಖಾಲಿ ಪೆಟ್ಟಿಗೆಯೊಂದಕ್ಕೇ ಎರಡು ಪೋರ್ಟಬಲ್ ಡಿಸ್ಕುಗಳಿಗಿಂತ ಹೆಚ್ಚು ಹಣ ಬೀಳುವುದು ಸಾಮಾನ್ಯ.

ಕರೆಂಟು ಬಿಲ್ಲಿನ ಲೆಕ್ಕವನ್ನೂ ಮಾಡಿಬಿಡೋಣ. ಎರಡು ಡಿಸ್ಕಿನ ನ್ಯಾಸ್ ಸರಾಸರಿ 20 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 14 ಯೂನಿಟ್ ಆಗುತ್ತದೆ. ನೋಡಲು ಇದು ಸಣ್ಣದು. ಆದರೆ ಗೃಹಜ್ಯೋತಿ ಯೋಜನೆಯಲ್ಲಿ ಉಚಿತದ ಮಿತಿಯನ್ನು 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ನಿಗದಿಪಡಿಸಲಾಗಿತ್ತು, ಮತ್ತು ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮಿತಿಯ ಅಂಚಿನಲ್ಲಿರುವ ಮನೆಯವರು ಹಗಲು ರಾತ್ರಿ ನಡೆಯುವ ಸಾಧನವನ್ನು ತರುವ ಮೊದಲು ಹಿಂದಿನ ಕೆಲವು ತಿಂಗಳ ಬಿಲ್ಲುಗಳನ್ನು ತೆಗೆದು ನೋಡುವುದು ಒಳಿತು.

ನ್ಯಾಸ್‌ಗೆ ಡಿಸ್ಕು ಆರಿಸುವಾಗ, ಬರವಣಿಗೆಯ ಸಾಲುಗಳು ಬಿಡಿಬಿಡಿಯಾಗಿರುವ ಸಿಎಂಆರ್ ಬಗೆಯದನ್ನೇ ಕೇಳಿ ಕೊಳ್ಳಬೇಕು. ಎಸ್‌ಎಂಆರ್ ಬಗೆಯಲ್ಲಿ ಬರವಣಿಗೆಯ ಸಾಲುಗಳು ಒಂದರ ಮೇಲೊಂದು ಹೆಂಚಿನಂತೆ ಹೊದ್ದುಕೊಂಡಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕಾಗುವುದರಿಂದ, ಕೆಟ್ಟ ಡಿಸ್ಕಿನ ಜಾಗದಲ್ಲಿ ಹೊಸದನ್ನು ಹಾಕಿ ತುಂಬಿಸುವಾಗ ಬಹಳ ನಿಧಾನವಾಗುತ್ತದೆ. 2020ರಲ್ಲಿ ನ್ಯಾಸ್‌ಗೆಂದೇ ಮಾರಾಟವಾಗುತ್ತಿದ್ದ ವೆಸ್ಟರ್ನ್ ಡಿಜಿಟಲ್ ರೆಡ್ ಸರಣಿಯ 2ರಿಂದ 6 ಟಿಬಿಯ ಕೆಲವು ಡಿಸ್ಕುಗಳು ಎಸ್‌ಎಂಆರ್ ಎಂಬುದು ಬಯಲಾದಾಗ ದೊಡ್ಡ ಗದ್ದಲವೇ ಆಯಿತು. ಈಗ ರೆಡ್ ಪ್ಲಸ್ ಮತ್ತು ಸೀಗೇಟ್ ಐರನ್‌ವುಲ್ಫ್ ಸರಣಿಗಳು ಸಿಎಂಆರ್ ಬಗೆಯವು. ಕಪಾಟಿನಲ್ಲಿಡುವ ಪೋರ್ಟಬಲ್ ಡಿಸ್ಕು ಎಸ್‌ಎಂಆರ್ ಆಗಿದ್ದರೂ ಚಿಂತೆಯಿಲ್ಲ.

ಹಳೆಯ ಕಂಪ್ಯೂಟರು ಅಥವಾ ರಾಸ್‌ಬೆರಿ ಪೈ

ಕಲಿಯುವ ಹುಮ್ಮಸ್ಸಿರುವ ಹುಡುಗ ಹುಡುಗಿಯರು ಮನೆಯಲ್ಲಿದ್ದರೆ ಈ ದಾರಿ ಚೆಂದ. ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ಸಾಂಬಾ ಎಂಬ ತಂತ್ರಾಂಶದ ಮೂಲಕ ಫೋಲ್ಡರು ಹಂಚಿ, ಫೋಟೊಗಳಿಗೆ ಇಮಿಚ್, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್ ಎಂಬ ತಂತ್ರಾಂಶಗಳನ್ನು ಹಾಕಿದರೆ ಹಣ ಕೊಟ್ಟು ಕೊಳ್ಳುವ ನ್ಯಾಸ್‌ನ ಬಹುತೇಕ ಕೆಲಸಗಳು ನಡೆಯುತ್ತವೆ. ಆದರೆ ಹಳೆಯ ಡೆಸ್ಕ್‌ಟಾಪು ನ್ಯಾಸ್‌ಗಿಂತ ಎರಡು ಮೂರು ಪಟ್ಟು ವಿದ್ಯುತ್ ಎಳೆಯಬಹುದು. ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಕಡಿಮೆ ಎಳೆಯುತ್ತದೆ. ಆದರೂ ಅದರ ಐದನೆಯ ಮಾದರಿಗೆ 5 ವೋಲ್ಟ್ 5 ಆಂಪಿಯರ್ ಅಡಾಪ್ಟರನ್ನೇ ಕೊಡದಿದ್ದರೆ ಯುಎಸ್‌ಬಿ ಕಿಂಡಿಗಳಿಗೆ ಹರಿಯುವ ವಿದ್ಯುತ್ತನ್ನು ಅದು 600 ಮಿಲಿಆಂಪಿಯರಿಗೆ ಮಿತಿಗೊಳಿಸುತ್ತದೆ, ಪೋರ್ಟಬಲ್ ಹಾರ್ಡ್ ಡಿಸ್ಕು ನಡುವೆಯೇ ಸಂಪರ್ಕ ಕಳಚಿಕೊಳ್ಳಬಹುದು. ಕಲಿಕೆಗೆ ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಕುಟುಂಬದ ಏಕೈಕ ಪ್ರತಿಯನ್ನು ಅದರ ಮೇಲೆ ಇಡಬಾರದು.

ಕ್ಲೌಡ್

ಕ್ಲೌಡ್‌ನ ದೊಡ್ಡ ಗುಣವೆಂದರೆ ಅದು ನಮ್ಮ ಸೂರಿನ ಕೆಳಗೆ ಇಲ್ಲ. ಮನೆಗೆ ಏನೇ ಆದರೂ ಅದು ಉಳಿಯುತ್ತದೆ. ಗೂಗಲ್ ಖಾತೆಯೊಂದಕ್ಕೆ ಉಚಿತವಾಗಿ 15 ಜಿಬಿ ಸಿಗುತ್ತದೆ, ಆದರೆ ಅದನ್ನು ಜಿಮೇಲ್, ಡ್ರೈವ್, ಫೋಟೊ ಎಲ್ಲವೂ ಹಂಚಿಕೊಳ್ಳುತ್ತವೆ; ಆಂಡ್ರಾಯ್ಡ್‌ನ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಈಗ ಅದರಲ್ಲೇ ಎಣಿಕೆಯಾಗುತ್ತದೆ. ಆ್ಯಪಲ್ ಮತ್ತು ಮೈಕ್ರೋಸಾಫ್ಟ್ ಕೊಡುವುದು 5 ಜಿಬಿ. ಗೂಗಲ್ ಫೋಟೋಸ್‌ನಲ್ಲಿ ಎಷ್ಟಾದರೂ ಉಚಿತವೆಂಬ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಅಲ್ಲಿನ ಜಾಗ ಉಳಿತಾಯದ ಆಯ್ಕೆಯನ್ನು ಒತ್ತಿದ್ದರೆ ಫೋಟೊ, ವಿಡಿಯೊಗಳ ಗುಣಮಟ್ಟ ತಗ್ಗಿರುತ್ತದೆ ಎಂಬುದನ್ನೂ ಗಮನಿಸಬೇಕು. ಮೂಲ ಬೇಕಿದ್ದರೆ ಮೂಲ ಗುಣಮಟ್ಟದ ಆಯ್ಕೆಯನ್ನೇ ಒತ್ತಬೇಕು.

ಕ್ಲೌಡ್‌ನ ತೊಡಕು ಮೊದಲು ಕಾಣುವುದು ಏರಿಸುವ ವೇಗದಲ್ಲಿ. 1 ಟಿಬಿಯನ್ನು 50 ಎಂಬಿಪಿಎಸ್ ವೇಗದಲ್ಲಿ ಏರಿಸಲು ಸುಮಾರು 44 ಗಂಟೆ ಬೇಕು. ಫೈಬರ್ ಬಂದಿರುವ ವಿದ್ಯಾನಗರ, ಕೇಶ್ವಾಪುರ, ಸಪ್ತಾಪುರದಂಥ ಬಡಾವಣೆಗಳಲ್ಲಿ ಇದು ಸಾಧ್ಯ. ಮೊಬೈಲ್ ಡೇಟಾದ ಮೇಲೆಯೇ ನಡೆಯುವ ಹಳ್ಳಿಯ ಮನೆಯಲ್ಲಿ, 5 ಎಂಬಿಪಿಎಸ್ ಸಿಕ್ಕರೂ ಅದಕ್ಕೆ 18 ದಿನಗಳಿಗಿಂತ ಹೆಚ್ಚು ಹಿಡಿಯುತ್ತದೆ, ದಿನದ ಡೇಟಾ ಮಿತಿ ಬೇರೆ. ಅಂಥ ಮನೆಯವರು ಮರಳಿ ಸಿಗದ ಗುಂಪಿನ 50 ಅಥವಾ 100 ಜಿಬಿಯನ್ನು ಮಾತ್ರ ಕ್ಲೌಡ್‌ಗೆ ಕಳಿಸಿ, ಉಳಿದದ್ದನ್ನು ಡಿಸ್ಕಿನಲ್ಲಿಡುವುದು ಸೂಕ್ತ.

ಇದಕ್ಕಿಂತ ಗಂಭೀರವಾದ ತೊಡಕು, ಕ್ಲೌಡ್ ಎಂದು ನಾವು ಕರೆಯುವ ಹೆಚ್ಚಿನ ಸೇವೆಗಳು ಮೊಬೈಲು ಮತ್ತು ಕ್ಲೌಡ್ ಎರಡನ್ನೂ ಸದಾ ಒಂದೇ ರೀತಿ ಇಡುವ ಹೊಂದಾಣಿಕೆಯ (ಸಿಂಕ್) ಸೇವೆಗಳಾಗಿರುವುದು. ಮೊಬೈಲಿನಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಗೂಗಲ್ ಫೋಟೋಸ್‌ನ ಕಸದಬುಟ್ಟಿಯಲ್ಲಿ ಬ್ಯಾಕಪ್ ಆದ ಚಿತ್ರ 60 ದಿನ, ಡ್ರೈವ್‌ನ ಬುಟ್ಟಿಯಲ್ಲಿ ಕಡತ 30 ದಿನ ಇರುತ್ತದೆ, ಆಮೇಲೆ ಇಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸತೊಡಗಿದೆ. ತೀರಿಕೊಂಡ ತಂದೆಯ ಖಾತೆಯಲ್ಲಿರುವ ಫೋಟೊಗಳು ಹಾಗೆಯೇ ಇರುತ್ತವೆ ಎಂದು ನಂಬಿದ ಮನೆಯವರು ಇದನ್ನು ಅವಶ್ಯ ತಿಳಿದಿರಬೇಕು. ಹೀಗಾಗಿ ಕ್ಲೌಡ್ ಎರಡನೆಯ ಅಥವಾ ಮೂರನೆಯ ಪ್ರತಿಯಾಗಿ ಅತ್ಯುತ್ತಮ, ಒಂದೇ ಪ್ರತಿಯಾಗಿ ಸಲ್ಲದು.

ಎರಡನೆಯ ಪ್ರತಿ ಎಲ್ಲಿ

ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ ಪ್ರಚಾರಕ್ಕೆ ತಂದ 3–2–1 ಎಂಬ ಸೂತ್ರವಿದೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆ ಜಾಗದಲ್ಲಿ. ನಮ್ಮ ಕುಟುಂಬಗಳು ಹರಡಿಕೊಂಡಿರುವ ರೀತಿಗೆ ಇದರ ಕೊನೆಯ ಭಾಗ ಬಹಳ ಒಗ್ಗುತ್ತದೆ. ಅಣ್ಣ ಹುಬ್ಬಳ್ಳಿಯಲ್ಲಿ, ತಂಗಿ ಗದಗಿನಲ್ಲಿ, ಅಬಚಿ ರಾಣೆಬೆನ್ನೂರಿನಲ್ಲಿ ಇರುವುದು ಇಲ್ಲಿ ಸಾಮಾನ್ಯ; ದೀಪಾವಳಿಗೆ, ಯುಗಾದಿಗೆ, ಮದುವೆ ಮುಂಜಿಗೆ ಹೋಗಿ ಬರುವುದೂ ಇದ್ದದ್ದೇ. ಒಂದೇ ಗಾತ್ರದ ಎರಡು ಪೋರ್ಟಬಲ್ ಡಿಸ್ಕುಗಳನ್ನು ಕೊಂಡು ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಸುಮಾರು 60 ಕಿಲೋಮೀಟರ್ ದೂರದ ಗದಗಿನ ಮನೆಯಲ್ಲಿ ಇಟ್ಟು, ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಿಕೊಂಡರೆ ತಿಂಗಳ ಬಾಡಿಗೆಯಿಲ್ಲದೆಯೇ ಬೇರೆ ಊರಿನ ಪ್ರತಿ ಸಿದ್ಧವಾಯಿತು. ತಂಗಿಯ ಮನೆಯ ಫೋಟೊಗಳೂ ಅದೇ ರೀತಿ ಅಣ್ಣನ ಮನೆಯಲ್ಲಿ ಉಳಿಯುತ್ತವೆ. ಬೇರೆಯವರ ಕೈಗೆ ಹೋಗುವ ಡಿಸ್ಕಿಗೆ ಬಿಟ್‌ಲಾಕರ್ ಅಥವಾ ವೆರಾಕ್ರಿಪ್ಟ್ ಎಂಬ ಗೂಢಲಿಪಿ ತಂತ್ರಾಂಶದಿಂದ ಬೀಗ ಹಾಕಬೇಕು. ಆ ಬೀಗದ ಕೀಲಿಪದವನ್ನು ಕಾಗದದಲ್ಲಿ ಬರೆದು ಆಸ್ತಿಪತ್ರಗಳ ಜೊತೆ ಇಡಬೇಕು. ಅದು ಕಳೆದರೆ ಡಿಸ್ಕಿನ ಮಾಹಿತಿಯನ್ನು ಯಾರೂ ತೆರೆಯಲಾರರು.

ಮನೆಯೊಳಗೂ ಜಾಗ ಆರಿಸುವುದರಲ್ಲಿ ವಿವೇಕ ಬೇಕು. ಧಾರವಾಡ ಮತ್ತು ಹಾನಗಲ್ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಹಸಿ ಹಿಡಿಯುತ್ತವೆ. ಅಲ್ಲಿ ಹೊರಗೋಡೆಗೆ ತಾಗಿದ ಕಪಾಟು ಬೇಡ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಟುಗಳ ಜೊತೆ ಇಡಬೇಕು. ಗದಗಿನ ಕಡೆ ಹಸಿಗಿಂತ ಧೂಳಿನ ಕಾಟ ಹೆಚ್ಚು. ನ್ಯಾಸ್ ಇದ್ದರೆ ಅದರ ಫ್ಯಾನಿನ ಜಾಲರಿಯನ್ನು ಕಾಲಕಾಲಕ್ಕೆ ಬ್ರಶ್ಶಿನಿಂದ ಸ್ವಚ್ಛ ಮಾಡಬೇಕು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಸೋರುವ ಜಾಗ ಯಾವುದೆಂದು ಮನೆಯವರಿಗೆ ಗೊತ್ತೇ ಇರುತ್ತದೆ. ಅಟ್ಟ ಎಲ್ಲಿಯೂ ಬೇಡ, ಅದು ಮನೆಯ ಅತಿ ಬಿಸಿಯಾದ ಜಾಗ.

ಹಾಗಾದರೆ ಯಾವುದು

ಗಂಡ ಹೆಂಡತಿ, ಒಂದೆರಡು ಮಕ್ಕಳು, ಎರಡು ಮೂರು ಮೊಬೈಲು ಇರುವ ಮನೆಗೆ ಎರಡು 2 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕು ಮತ್ತು ಆಯ್ದ ಕಡತಗಳಿಗೆ 100 ಜಿಬಿಯ ಕ್ಲೌಡ್ ಸಾಕು. ಇದಕ್ಕಿಂತ ಹೆಚ್ಚಿನದನ್ನು ಯಾರಾದರೂ ಸೂಚಿಸಿದರೆ ಕಾರಣ ಕೇಳಿ. ಸಂಶೋಧಕರು, ಲೇಖಕರು ಕೆಲಸದ ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿಟ್ಟುಕೊಂಡು, ಅದರ ಹಳೆಯ ಆವೃತ್ತಿಗಳನ್ನೂ ಉಳಿಸುವ ವ್ಯವಸ್ಥೆಯನ್ನು, ಅಂದರೆ ವಿಂಡೋಸ್‌ನ ಫೈಲ್ ಹಿಸ್ಟರಿ ಅಥವಾ ಮ್ಯಾಕ್‌ನ ಟೈಮ್ ಮೆಷಿನ್ ಅನ್ನು, ಹೊರಗಿನ ಡಿಸ್ಕಿಗೆ ಹೊಂದಿಸಬೇಕು. ಬರಹಗಾರರಿಗೆ ನಿನ್ನೆಯ ಕರಡು ಕಳೆಯುವುದು ಡಿಸ್ಕು ಕೆಡುವುದಕ್ಕಿಂತ ಹೆಚ್ಚಾಗಿ ಆಗುವ ನಷ್ಟ. ಮನೆಯಿಂದಲೇ ಸ್ಟುಡಿಯೊ ನಡೆಸುವವರು ನ್ಯಾಸ್ ಕೊಳ್ಳಲಿ, ಯುಪಿಎಸ್ ಸಹಿತ, ಮತ್ತು ಗಿರಾಕಿಗಳ ಕೆಲಸದ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಲಿ. ಸಂಗೀತ ಸಂಗ್ರಾಹಕರಿಗೆ ನ್ಯಾಸ್ ಬೇಕಾಗಿಲ್ಲ, ಆದರೆ ಪ್ರತಿಗಳು ಮೂರಿರಲಿ; ಒಂದು ಬೈಠಕ್‌ನ ಧ್ವನಿಮುದ್ರಣ ಆ ಒಂದೇ ಮನೆಯಲ್ಲಿ ಉಳಿದಿರಬಹುದು.

ಕನ್ನಡದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳ ಬಗ್ಗೆ ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪ್ರಬಂಧ, ಕವಿತೆ, ವಂಶಾವಳಿಗಳು, ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರಸಂಕೇತವಾದ ಯುನಿಕೋಡ್‌ನಲ್ಲಿಲ್ಲ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಡಿಸ್ಕು ಸುರಕ್ಷಿತವಾಗಿದ್ದರೂ ಬರಹ ಓದಲು ಬಾರದಂತಾಗುವುದು ಹೀಗೆ. ನುಡಿ ತಂತ್ರಾಂಶದ ಜೊತೆಗೇ ಬರುವ ಪರಿವರ್ತಕದಿಂದ ಅವನ್ನು ಯುನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳು ಸರಿಯಾಗಿ ಬಂದಿವೆಯೇ ಎಂದು ಓದಿ ನೋಡಿ, ಮೂಲ ಕಡತ, ಆ ಫಾಂಟು ಮತ್ತು ಒಂದು ಪಿಡಿಎಫ್ ಪ್ರತಿಯನ್ನು ಒಂದೇ ಫೋಲ್ಡರಿನಲ್ಲಿ ಇಡಬೇಕು.

ಡಿಸ್ಕನ್ನು ಯಾವ ರೂಪದಲ್ಲಿ ಫಾರ್ಮ್ಯಾಟ್ ಮಾಡುವುದು ಎಂಬ ಪ್ರಶ್ನೆ ಉಳಿಯುತ್ತದೆ. ವಿಂಡೋಸ್ ಮಾತ್ರ ಇರುವ ಮನೆಯಲ್ಲಿ ಎನ್‌ಟಿಎಫ್‌ಎಸ್ ಒಳ್ಳೆಯದು. ಮ್ಯಾಕ್ ಅದನ್ನು ಓದುತ್ತದೆ, ಆದರೆ ಬರೆಯುವುದಿಲ್ಲ; ಎರಡೂ ಇರುವಲ್ಲಿ ಎಕ್ಸ್‌ಫ್ಯಾಟ್ ಬೇಕಾಗುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ನಡುವೆ ಕೇಬಲ್ ಕಿತ್ತರೆ ಚೇತರಿಸಿಕೊಳ್ಳುವ ವ್ಯವಸ್ಥೆ ದುರ್ಬಲವಾದ್ದರಿಂದ, ಪ್ರತಿ ಸಲವೂ ಇಜೆಕ್ಟ್ ಒತ್ತಿಯೇ ತೆಗೆಯಬೇಕು. ಮತ್ತು ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ಡಿಸ್ಕನ್ನು ಜೋಡಿಸಿ, ಹೆಸರುಗಳ ಪಟ್ಟಿ ನೋಡಿ ತೃಪ್ತರಾಗದೆ, ಅಲ್ಲಲ್ಲಿಂದ ಕೆಲವು ವಿಡಿಯೊಗಳನ್ನು ಕೊನೆಯವರೆಗೆ ಓಡಿಸಿ, ಕೆಲವು ಕಡತಗಳನ್ನು ಬೇರೆ ಕಂಪ್ಯೂಟರಿಗೆ ಮರಳಿ ನಕಲು ಮಾಡಿ ತೆರೆದು ನೋಡಬೇಕು. ಐದಾರು ವರ್ಷ ದಾಟಿದ ಡಿಸ್ಕು ಇನ್ನೂ ನಡೆಯುತ್ತಿದ್ದರೂ, ಅದರ ಪ್ರತಿಯನ್ನು ಹೊಸದೊಂದಕ್ಕೆ ವರ್ಗಾಯಿಸಿ, ಹಳೆಯದನ್ನು ಹೆಚ್ಚುವರಿ ಪ್ರತಿಯಾಗಿ ಮಾತ್ರ ಇಟ್ಟುಕೊಳ್ಳಬೇಕು.